ಸತ್ಯದ ಖರ್ಚು ಯಾರ ಮೇಲೆ?



ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ವಿಕಲಚೇತನರಿಗೆ ಸಿಗುವ ತಿಂಗಳ ಹಣ 2025ರ ಅಕ್ಟೋಬರ್‌ನಿಂದ 1500 ರೂಪಾಯಿಯಿಂದ 2500ಕ್ಕೆ ಏರಿದೆ. 2023ರ ಮಧ್ಯದವರೆಗೆ ಅದು 1000 ಇತ್ತು. ಹಣವೂ ಈಗ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಈ ಸುದ್ದಿ ಹಬ್ಬಿದ ಮೇಲೆ, ಭಾನುವಾರದ ಬಲಿಪೂಜೆ ಮುಗಿದ ನಂತರ ನಮ್ಮ ಯುವಜನ ಸಂಘದ ಮೇಜಿನ ಹತ್ತಿರ ಕಾಗದ ಹಿಡಿದು ಬರುವವರು ಹೆಚ್ಚಾಗಿದ್ದಾರೆ. ಅರ್ಜಿ ಮರಾಠಿಯಲ್ಲಿ, ಮನೆಯ ಮಾತು ಕನ್ನಡ. ನಾವು ಓದಿ ಹೇಳುತ್ತೇವೆ, ತುಂಬಿ ಕೊಡುತ್ತೇವೆ.

ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ, ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದುದಕ್ಕೆ ದಾಖಲೆ, ಪಾಸ್‌ಬುಕ್ ಇವೆಲ್ಲ ಓಡಾಟದ ಕೆಲಸ, ಹೇಗೋ ಆಗುತ್ತವೆ. (ಬೀದರಿನಲ್ಲಿ ಮಾಡಿಸಿದ ವೈಕಲ್ಯದ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ತಿರುಗಿಸಿ ಕಳಿಸಿದರೆ ಸುಮ್ಮನೆ ಬರಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಅದು ದೇಶಕ್ಕೆಲ್ಲ ಒಂದೇ.) ನಮ್ಮ ಪೆನ್ನು ನಿಲ್ಲುವುದು ಒಂದೇ ಸಾಲಿನಲ್ಲಿ: ಕುಟುಂಬದ ವಾರ್ಷಿಕ ಉತ್ಪನ್ನ.

ವಿಕಲಚೇತನರಿಗೆ ಅಲ್ಲಿರುವ ಮಿತಿ 50,000 ರೂಪಾಯಿ. ಅಂದರೆ ಇಡೀ ಮನೆಗೆ ದಿನಕ್ಕೆ 137 ರೂಪಾಯಿ. ಉದ್ಯೋಗ ಖಾತರಿಯಲ್ಲಿ ಮಹಾರಾಷ್ಟ್ರದ ದಿನಗೂಲಿ 2025-26ನೇ ಸಾಲಿಗೆ 312 ರೂಪಾಯಿ. ಮನೆಯ ಒಬ್ಬರೇ ಆ ದರದಲ್ಲಿ 161 ದಿನ ದುಡಿದರೆ ಮಿತಿ ದಾಟಿ ಹೋಯಿತು. 2024ರಲ್ಲಿ ಇದೇ ಸರ್ಕಾರ ಲಾಡ್ಕೀ ಬಹೀಣ ಯೋಜನೆ ತಂದಾಗ ಇಟ್ಟ ಮಿತಿ ಎರಡೂವರೆ ಲಕ್ಷ. ಆ ಯೋಜನೆಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ನಮ್ಮ ಎಷ್ಟೋ ತಾಯಂದಿರಿಗೆ ಅದು ಆಸರೆಯಾಗಿದೆ. ಆದರೆ ಒಂದೇ ರಾಜ್ಯದಲ್ಲಿ ಬಡತನ ಅಳೆಯಲು ಎರಡು ಕೋಲು ಇವೆ, ಗಿಡ್ಡ ಕೋಲು ಬಂದಿರುವುದು ನಡೆಯಲಾರದವರ ಪಾಲಿಗೆ.

ನಮ್ಮ ಬಳಿ ಬಂದ ಒಂದು ಮನೆಯ ಲೆಕ್ಕ ಹೀಗಿತ್ತು. ತಂದೆ ದಾಲ್ ಮಿಲ್ಲಿನಲ್ಲಿ ಹಮಾಲಿ. ಕೆಲಸವಿದ್ದಾಗ ತಿಂಗಳಿಗೆ 9,000. ಮಿಲ್ಲು ವರ್ಷವಿಡೀ ಓಡುವುದಿಲ್ಲ, ಎಂಟು ತಿಂಗಳ ಲೆಕ್ಕ ಹಿಡಿದರೂ 72,000. ಮಗಳಿಗೆ ಇಪ್ಪತ್ತು ದಾಟಿದೆ, ಎತ್ತಿ ಕೂರಿಸಬೇಕು, ಉಣಿಸಬೇಕು. ಆ ಕಾರಣಕ್ಕೆ ತಾಯಿ ಕೂಲಿಗೆ ಹೋಗುವಂತಿಲ್ಲ. ಆ ತಾಯಿ ನಮಗೆ ಕೇಳಿದ್ದು ಇಷ್ಟೇ: "ಖರೇ ಬರದ್ರ ಪಗಾರ ಬರಂಗಿಲ್ಲ, ಸುಳ್ಳ ಬರದ್ರ ಪಾಪ. ಯಾವ್ದ ಬರೀಲಿ ಹೇಳ್ರಿ."

ನಮ್ಮಲ್ಲೇ ಎರಡು ಮಾತು ಬಂದವು. ಮಿತಿಯೇ ಅನ್ಯಾಯದ್ದು, ಅನ್ಯಾಯದ ಪ್ರಶ್ನೆಗೆ ಸತ್ಯದ ಉತ್ತರ ಕೊಡುವ ಋಣ ಯಾರಿಗೂ ಇಲ್ಲ, 48,000 ಬರೆದು ಮುಗಿಸೋಣ ಎಂದರು ಕೆಲವರು. ಸುಳ್ಳು ಸುಳ್ಳೇ, ಅಂಥ ಕಾಗದ ನಮ್ಮ ಕೈಯಿಂದ ಹೋಗಬಾರದು ಎಂದರು ಕೆಲವರು. ಮೊದಲನೆಯ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಸಂತ ಥಾಮಸ್ ಅಕ್ವಿನಾಸರೇ, ಪ್ರಾಣ ಹೋಗುವಂಥ ಅಗತ್ಯದಲ್ಲಿ ಇನ್ನೊಬ್ಬರ ವಸ್ತುವನ್ನು ತೆಗೆದುಕೊಂಡವನು ಕಳ್ಳನಲ್ಲ ಎಂದು ಬರೆದಿದ್ದಾರೆ. ಆದರೆ ಅವರೇ ಸುಳ್ಳಿಗೆ ಆ ಬಾಗಿಲು ತೆರೆಯಲಿಲ್ಲ. ಇನ್ನೊಬ್ಬರಿಗೆ ಉಪಕಾರವಾಗಲೆಂದು ಹೇಳಿದ ಸುಳ್ಳು ಹಗುರವಾದ ಪಾಪ ಇರಬಹುದು, ಆದರೂ ಪಾಪವೇ ಎಂದರು. ಬ್ರೆಡ್ಡಿಗೆ ಒಂದು ನ್ಯಾಯ, ಮಾತಿಗೆ ಇನ್ನೊಂದು ಯಾಕೆ ಎಂದು ನಾವು ಬಹಳ ಹೊತ್ತು ಜಗಳವಾಡಿದೆವು.

ನಮ್ಮನ್ನು ಒಂದು ಕಡೆಗೆ ತಂದದ್ದು ಕೊನೆಗೆ ಸಂತರ ತರ್ಕವಲ್ಲ, ಹೆಬ್ಬೆಟ್ಟು. ಅರ್ಜಿಯ ಕೆಳಗೆ ಸ್ವಯಂಘೋಷಣೆ ಇರುತ್ತದೆ. ಬರೆಯುವವರು ನಾವು, ಗುರುತು ಒತ್ತುವವಳು ಆ ತಾಯಿ. ನಾಳೆ ಪರಿಶೀಲನೆ ಬಂದು ಹಣ ವಾಪಸು ಕಟ್ಟು ಎಂದರೆ ಡಿಗ್ರಿ ಇದ್ದ ನಮ್ಮ ಹೆಸರು ಎಲ್ಲೂ ಇರುವುದಿಲ್ಲ. ಇನ್ನೊಬ್ಬರ ಬೆರಳಿನಿಂದ ಮಾಡುವ ಧೈರ್ಯ ಧೈರ್ಯವೇ ಅಲ್ಲ. ಆದ್ದರಿಂದ ಸುಳ್ಳು ಅಂಕಿ ಬರೆಯುವುದಿಲ್ಲ ಎಂದು ತೀರ್ಮಾನಿಸಿದೆವು. ಈಗಾಗಲೇ ಬೇರೆ ಕಡೆ ಹಾಗೆ ಬರೆಸಿಕೊಂಡವರನ್ನು ನಾವು ತೂಗಲು ಹೋಗುವುದಿಲ್ಲ. ಮಗುವಿನ ಔಷಧಿಗೆ ಹಾಗೆ ಮಾಡಿದವರನ್ನು ಕಳ್ಳರೆನ್ನಲು ನಮಗೆ ಬಾಯಿ ಬರುವುದಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾವು ಮಾಡಿದ್ದೇನು? ನಮ್ಮ ಮನಸ್ಸಾಕ್ಷಿ ಸ್ವಚ್ಛವಾಯಿತು, ಅದರ ಬಿಲ್ಲು ಆ ಮನೆಗೆ ಹೋಯಿತು. ತಿಂಗಳಿಗೆ 2500, ವರ್ಷಕ್ಕೆ 30,000. ಯಾಜಕಕಾಂಡದ ಹತ್ತೊಂಬತ್ತನೇ ಅಧ್ಯಾಯದಲ್ಲಿ ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎಂಬ ಆಜ್ಞೆ ಇದೆ. ಅದರ ಮರುವಚನವೇ ಕಿವುಡರನ್ನು ಶಪಿಸಬಾರದು, ಕುರುಡರ ದಾರಿಯಲ್ಲಿ ಎಡವುಗಲ್ಲು ಇಡಬಾರದು ಎಂಬುದು. ನಮ್ಮ ಕಡೆ ಈ ಅನುದಾನವನ್ನು ಯಾರೂ ಅನುದಾನ ಎನ್ನುವುದಿಲ್ಲ, 'ಪಗಾರ' ಎನ್ನುತ್ತಾರೆ. ಜನ ಸರಿಯಾಗಿಯೇ ಕರೆದಿದ್ದಾರೆ. ಮನೆಯೊಳಗೆ ಇಪ್ಪತ್ತು ವರ್ಷ ಎತ್ತಿ ಇಳಿಸಿದ ತಾಯಿಗೆ ಅದು ದಾನವಲ್ಲ, ಬಾಕಿ. ಆ ಬಾಕಿಯ ದಾರಿಯಲ್ಲಿ 50,000ದ ಕಲ್ಲು ಸರ್ಕಾರ ಇಟ್ಟದ್ದು. ಕಲ್ಲು ಇದೆ ಎಂದು ತೋರಿಸಿ ಮನೆಗೆ ಹೋಗುವವರು ನಾವಾಗಬಾರದು.

ಯೊವಾನ್ನನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ, ಕೊಳದ ಬದಿಯಲ್ಲಿ 38 ವರ್ಷದಿಂದ ಅಸ್ವಸ್ಥನಾಗಿದ್ದವನು ಯೇಸುವಿಗೆ ಹೇಳಿದ ದೂರು ರೋಗದ ಬಗ್ಗೆ ಅಲ್ಲ. ನೀರು ಕದಲಿದಾಗ ಇಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದಿರುತ್ತಾನೆ ಎಂಬುದು. ಅಕ್ಟೋಬರಿನಲ್ಲಿ ನೀರು ಕದಲಿತು. ಮೊದಲು ಇಳಿದವರು ಮೋಟಾರ್ ಸೈಕಲ್ ಇದ್ದವರು, ಮರಾಠಿ ಓದಬಲ್ಲವರು, ತಹಸೀಲಿನಲ್ಲಿ ಪರಿಚಯ ಇದ್ದವರು.

ಹಾಗಾಗಿ ಈ ಮನೆಗೆ ಮಿತಿ ಅಡ್ಡ ಬರದ ದಾರಿಗಳನ್ನು ಹುಡುಕಿದೆವು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ. ಉತ್ಪನ್ನ ಹೆಚ್ಚಿದ್ದವರೂ ಸೇರಬಹುದು. ಗ್ರಾಮ ಪಂಚಾಯತಿ, ನಗರ ಪರಿಷತ್ತುಗಳು ತಮ್ಮ ಸ್ವಂತ ಆದಾಯದ ಶೇಕಡಾ 5ನ್ನು ವಿಕಲಚೇತನರಿಗೆ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ಕೇಳುವವರು ಬೇಕು, ಅದಕ್ಕೆ ನಾವು ಜೊತೆಗೆ ಬರುತ್ತೇವೆ. ಮಿತಿ ಏರಿಸಬೇಕೆಂಬ ಮನವಿಯನ್ನು ಮರಾಠಿಯಲ್ಲಿ ಬರೆದಿದ್ದೇವೆ. ಕನ್ನಡ ಪೂಜೆಗೆ ಬರುವವರಷ್ಟೇ ಅಲ್ಲ, ಮರಾಠಿ ಪೂಜೆಯವರೂ ಸಹಿ ಹಾಕುತ್ತಿದ್ದಾರೆ.

ಇಷ್ಟಾದರೂ ತಿಂಗಳ 2500 ಬರುವುದಿಲ್ಲ. ಸತ್ಯ ಬರೆದ ಕಾರಣಕ್ಕೆ ಅರ್ಜಿ ತಿರಸ್ಕೃತವಾದ ಮನೆಗಳಿಗೆ, ಮಿತಿ ಬದಲಾಗುವವರೆಗೆ, ಧರ್ಮಕೇಂದ್ರದಿಂದ ಅಷ್ಟಾದರೂ ಭಾಗ ಕೊಡಬೇಕೆಂದು ಪಾಲನಾ ಸಮಿತಿಯ ಮುಂದೆ ಇಟ್ಟಿದ್ದೇವೆ. ಹಾಗೆ ಮಾಡಿದರೆ ಎಲ್ಲರೂ ಬಂದು ನಿಲ್ಲುತ್ತಾರೆ ಎಂದು ಹಿರಿಯರೊಬ್ಬರು ಹೇಳಿದರು. ನಾವು ಎಣಿಸಿದ್ದೇವೆ, ಸದ್ಯ ಮೂರು ಮನೆ. ಹಬ್ಬದ ಪೆಂಡಾಲಿಗೆ ಆಗುವ ಖರ್ಚನ್ನು ಈ ಮೂರು ಮನೆಯ ಲೆಕ್ಕದ ಪಕ್ಕ ಬರೆದು ಫಾದರ್ ಅವರಿಗೆ ಕೊಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರುತ್ತದೆ.

ಈಗಾಗಲೇ ಪಗಾರ ಪಡೆಯುತ್ತಿರುವವರು ಹಯಾತೀಚಾ ದಾಖಲಾ ಕೊಡುವುದನ್ನು ಮರೆಯಬಾರದು. ಅದಕ್ಕಾಗಿ ತಹಸೀಲಿಗೆ ಹೋಗಲಾಗದವರ ಹೆಸರನ್ನು ನಮಗೆ ತಿಳಿಸಿ, ಗಾಡಿ ಮಾಡಿಕೊಂಡು ಬರುತ್ತೇವೆ.