ಊರಿಗೆ ಬಂದಾಕಿ ನೀರಿಗೆ ಬರದ ಇರತಾಳ?

ಹೊಸ ಸೊಸೆಯ ಮುಖ ನೋಡಲು ಓಣಿಯ ಹೆಂಗಸರು ಹಣಕಿ ಹಾಕುತ್ತಿದ್ದರೆ, ಕಟ್ಟೆಯ ಮೇಲೆ ಕೂತ ಹಿರಿಯಳು ಅಂದುಬಿಡುತ್ತಾಳೆ: ‘ಯಾಕಷ್ಟು ಗಡಿಬಿಡಿ ಮಾಡ್ತೀರೇ? ಊರಿಗೆ ಬಂದಾಕಿ ನೀರಿಗೆ ಬರದ ಇರತಾಳ?’ ಕನ್ನಡ ನಾಡಿನಲ್ಲೆಲ್ಲ ಇರುವ ಗಾದೆ ಇದು. ಆದರೆ ಬಿಜಾಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಇದಕ್ಕೆ ತೂಕ ಜಾಸ್ತಿ. ಹಿತ್ತಿಲಲ್ಲೇ ನೀರು ಸಿಗುವ ಸೀಮೆಯಲ್ಲಿ ಈ ಮಾತು ಚೇಷ್ಟೆಯಾಗಿ ಮುಗಿಯುತ್ತದೆ. ಎರೆನೆಲದಲ್ಲಿ ಸವಳು ಬಾವಿ ದಾಟಿ ಸಿಹಿನೀರಿಗಾಗಿ ನಡೆದವರಿಗೆ ಮಾತ್ರ ಇದರ ಒಳಗಿನ ಗುಟ್ಟು ಗೊತ್ತು.

ಬಂದವಳ ಬಗ್ಗೆ ಊರು ತಿಳಿಯುವುದು ನೀರಿನ ದಾರಿಯಲ್ಲಿ. ಊರಿನ ಬಗ್ಗೆ ಅವಳು ತಿಳಿಯುವುದೂ ಅಲ್ಲೇ. ಯಾವ ಬಾವಿಯ ನೀರಿಗೆ ಬೇಳೆ ಬೇಯುತ್ತದೆ, ಯಾವುದು ದನಕ್ಕಷ್ಟೇ ಆದೀತು, ಸರದಿ ತಪ್ಪಿಸುವವರು ಯಾರು, ಯಾರ ಮನೆಯಲ್ಲಿ ಕಾಳು ತೀರಿದೆ ಎಂಬುದೆಲ್ಲ ಸಿಂಬಿ ಸರಿಪಡಿಸಿಕೊಳ್ಳುವಷ್ಟರಲ್ಲಿ ಕಿವಿಗೆ ಬೀಳುತ್ತದೆ. ಡೋಣಿ ಹರಿದರೆ ಓಣೆಲ್ಲ ಕಾಳು ಎನ್ನುತ್ತಾರೆ. ಅದೇ ಡೋಣಿ ಹೊಳೆಯ ನೀರನ್ನು ಬಾಯಿಗಿಟ್ಟರೆ ಉಪ್ಪು. ಹೊಳೆ ಕಂಡಕೂಡಲೇ ನೀರಿದೆ ಎಂದು ನಂಬುವವನು ಪರವೂರಿನವನೇ ಇರಬೇಕು.

ಹಾಗೆ ನಂಬಿಕೊಂಡು, ಸೇವೆ ಮಾಡಲೆಂದೇ ದೇಶ ಬಿಟ್ಟು ಬರುವವರಿದ್ದಾರೆ. 1961ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಪೀಸ್ ಕೋರ್ ಎಂಬ ಸ್ವಯಂಸೇವಕರ ಸಂಸ್ಥೆ ಸ್ಥಾಪಿಸಿದರು. ಆ ವರ್ಷದ ಕೊನೆಗೇ ಮೊದಲ ತಂಡ ಪಂಜಾಬಿಗೆ ಬಂತು. ಮುಂದೆ ಮೈಸೂರು ರಾಜ್ಯಕ್ಕೂ ಸ್ವಯಂಸೇವಕರು ಬಂದರು. 1976ರ ಹೊತ್ತಿಗೆ ಭಾರತದಲ್ಲಿ ಆ ಕೆಲಸವೇ ನಿಂತಿತು. ಬಂದವರಲ್ಲಿ ಹೆಚ್ಚಿನವರು ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಕೋಳಿ ಸಾಕಣೆ, ಬೇಸಾಯ, ಶಾಲೆ, ಆರೋಗ್ಯ ಅವರ ಕೆಲಸ. ಅವಧಿ ಎರಡು ವರ್ಷ. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ 1966ರಲ್ಲಿ, 68ನೇ ವಯಸ್ಸಿನಲ್ಲಿ, ಮುಂಬೈಯ ವಿಕ್ರೋಳಿಗೆ ದಾದಿಯಾಗಿ ಬಂದರು. ನಮ್ಮ ಕಡೆಯವರು ಗುಳೆ ಹೋಗುವ ಮುಂಬೈ ಅದೇ. ಗುಳೆ ಹೋದವರು ಜೋಪಡಿಗೆ ಗಳ ನೆಡುವ ಮೊದಲೇ ನಳ ಎಲ್ಲಿದೆ ಎಂದು ವಿಚಾರಿಸಿರುತ್ತಾರೆ. ಅವರಿಗೆ ಯಾರೂ ತರಬೇತಿ ಕೊಟ್ಟಿರುವುದಿಲ್ಲ!

ಸೇವೆಗೆ ಬಂದ ಪರದೇಶಿಗೆ ಮೊದಲು ಅಡ್ಡಬರುವುದು ನಮ್ಮ ಅತಿಥಿಸತ್ಕಾರ. ಬಂದವರ ಕೈಗೆ ನೀರು ಬೆಲ್ಲ ಕೊಟ್ಟು ಕೂರಿಸುವ ಸೀಮೆ ಇದು. ಒಳ್ಳೆಯ ರೂಢಿಯೇ. ಆದರೆ ದಿನವೂ ಕೂತಲ್ಲಿಗೇ ತಂಬಿಗೆ ಬರುತ್ತಿದ್ದರೆ ಬಾವಿಯ ದಾರಿ ತಿಳಿಯುವುದು ಯಾವಾಗ? ಗೌಡರ ವಾಡೆಯಲ್ಲಿ ಇಳಿದುಕೊಂಡವನಿಗೆ ಊರೆಂದರೆ ಗೌಡರು ತೋರಿಸಿದಷ್ಟು. ಎರಡು ವರ್ಷ ಇದ್ದೂ ಅವನು ಬಂದ ದಿನದಷ್ಟೇ ಹೊಸಬನಾಗಿ ಉಳಿಯಬಹುದು.

ಗಾದೆ ಜಾಣತನದಿಂದ ಮುಚ್ಚಿಡುವ ಸಂಗತಿಯೊಂದಿದೆ. ‘ನೀರಿಗೆ’ ಎಂದು ಅದು ಸಲೀಸಾಗಿ ಹೇಳುತ್ತದೆ, ಊರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ. ಹಾಗೆಲ್ಲಿತ್ತು? ಕೇರಿಯ ಹೆಂಗಸರು ಹಗ್ಗ ಇಳಿಬಿಡುವಂತಿರಲಿಲ್ಲ. ಮೇಲುಜಾತಿಯವರು ಕೊಡಕ್ಕೆ ಸುರಿಯುವವರೆಗೂ ದೂರ ನಿಂತು ಕಾಯಬೇಕಿತ್ತು. ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಸೀಮೆಯಲ್ಲಿದೆ ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು. ಹಾಗಾಗಿ ಬಂದವನು ನೀರಿಗೆ ಬಂದರಷ್ಟೇ ಸಾಲದು, ಯಾರ ನೀರಿಗೆ ಬಂದ ಎಂದೂ ಕೇಳಬೇಕು.

ಇನ್ನೊಂದು ವ್ಯತ್ಯಾಸವೂ ಉಂಟು. ಗಾದೆಯ ಸೊಸೆಗೆ ತಿರುಗಿ ಹೋಗುವ ದಾರಿಯಿಲ್ಲ. ‘ಬರದ ಇರತಾಳ?’ ಎಂದು ಊರು ಅಷ್ಟು ನೆಮ್ಮದಿಯಿಂದ ಕೇಳುವುದು ಅದಕ್ಕೇ. ಆ ನೆಮ್ಮದಿಯಲ್ಲಿ ಕೊಂಚ ಕ್ರೌರ್ಯವೂ ಇದೆ. ಸ್ವಯಂಸೇವಕನಿಗೆ ಅವಧಿಯಿದೆ, ಹೊರಡುವ ತಾರೀಖಿದೆ. ಅವನು ಬರದೆಯೂ ಇರಬಲ್ಲ. ಸೊಸೆಯ ಮಟ್ಟಿಗೆ ಉತ್ತರವೇ ಬೇಡದ ಪ್ರಶ್ನೆ ಅವನಿಗೆ ಉತ್ತರ ಕೊಡಬೇಕಾದ ಪ್ರಶ್ನೆಯಾಗುತ್ತದೆ.

ಕೊಟ್ಟವರಿದ್ದಾರೆ. ಇತಿಹಾಸಕಾರ ರಿಚರ್ಡ್ ಈಟನ್ 1960ರ ದಶಕದಲ್ಲಿ ಪೀಸ್ ಕೋರ್ ಸೇರಿ ಹೋದದ್ದು ಇರಾನಿನ ತಬ್ರೀಜ್ ನಗರಕ್ಕೆ. ಅದೇ ಮನುಷ್ಯ ಮುಂದೆ ಬಿಜಾಪುರದ ಸೂಫಿಗಳ ಮೇಲೆ ಬರೆದ ಪುಸ್ತಕ 1978ರಲ್ಲಿ ಬಂತು. ಅದರಲ್ಲಿ ನನಗೆ ಹಿಡಿಸಿದ್ದು ಸುಲ್ತಾನರ ಸಂಗತಿಯಲ್ಲ, ಚಕ್ಕಿನಾಮಾದ ಸಂಗತಿ. ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಂಡ ದಖನಿ ಪದಗಳ ಬೆನ್ನೇರಿ ಸೂಫಿಗಳ ವಿಚಾರ ಮನೆಮನೆಯ ಒಳಗೆ ಹೋಯಿತು ಎನ್ನುತ್ತಾರೆ ಈಟನ್. ದೂರದಿಂದ ಬಂದ ವಿಚಾರ ಊರಲ್ಲಿ ನಿಂತದ್ದು ಬೀಸುಕಲ್ಲಿನ ಹತ್ತಿರ ಬಂದಾಗ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಇದನ್ನು ಬಹಳ ಮೊದಲೇ ಬಲ್ಲವರಾಗಿದ್ದರು. ಕವಿ ಮಧುರಚೆನ್ನರ ಆ ಬಳಗ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕಲೆಹಾಕಿ ‘ಗರತಿಯ ಹಾಡು’ ತಂದದ್ದು 1931ರಲ್ಲಿ. ಅವರು ಸ್ವಂತ ಊರಿನಲ್ಲೇ ನೀರಿಗೆ ಬಂದವರು.

ಈಗ ಕಾಲ ತಿರುಗಿದೆ. ಈ ನಾಲ್ಕು ತಾಲೂಕುಗಳ ಮಕ್ಕಳೂ ನರ್ಸಿಂಗ್ ಓದುತ್ತಾರೆ, ಕೃಷಿ ಪದವಿ ಪಡೆಯುತ್ತಾರೆ. ಆಫ್ರಿಕಾದ ಯಾವುದೋ ಹಳ್ಳಿಗೆ ಸೇವೆಗೆ ಹೋಗುವ ಮನಸ್ಸು ಅವರಿಗೂ ಬರಬಹುದು. ಹೋಗುವವರು ಹೋಗಲಿ. ಇಳಿದ ವಾರವೇ ವರದಿ ಬರೆಯಲು ಮಾತ್ರ ಕೂರಬೇಡಿ. ಪಕ್ಕದ ಮನೆಯವರು ನೀರು ಎಲ್ಲಿಂದ ತರುತ್ತಾರೆ ಎಂದು ಕೇಳಿ, ಒಂದು ಕೊಡ ಎತ್ತಿಕೊಂಡು ಅವರ ಹಿಂದೆ ನಡೆಯಿರಿ.