ಕೆರೆ ಅದೇ, ನೀರು ಬೇರೆ

ಲೂಕ 5ನೇ ಅಧ್ಯಾಯ, ಯೋಹಾನ 21ನೇ ಅಧ್ಯಾಯ, ಎರಡನ್ನೂ ತೆರೆದಿಟ್ಟುಕೊಳ್ಳಿರಿ.

ನಮ್ಮ ಹತ್ತಿಕುಣಿ ಡ್ಯಾಮಿನ ನೀರು ನೋಡ್ರಿ. ಮಳೆಗಾಲದಾಗ ರಾಡಿ ಇರ್ತದ. ಸ್ವಾತಿ ಮಳೆ ಮುಗಿದ ಮ್ಯಾಲೆ ರಾಡಿ ತಳಕ್ಕೆ ಕೂತು ನೀರು ತಿಳಿ ಆಗ್ತದ, ರಾತ್ರಿ ಚಳಿ ಬೀಳ್ತದ. ಮೀನಿಗೆ ನಮ್ಮಂಗ ಸ್ವಂತ ಮೈಕಾವು ಇಲ್ಲ. ನೀರು ತಂಪಾದಂತೆ ಅದರ ಹಸಿವೂ ಓಡಾಟವೂ ಕಡಿಮೆ ಆಗ್ತದ. ಆಗ ಗಾಳ ಹಾಕುವವನು ಏನು ಮಾಡ್ತಾನ? ಸಣ್ಣ ದಾರ ಕಟ್ಟುತ್ತಾನೆ, ಯಾಕಂದ್ರ ತಿಳಿನೀರಿನಾಗ ದಪ್ಪ ದಾರ ಮೀನಿಗೆ ಕಾಣ್ತದ. ಬೆಂಡು ಮೇಲೆ ಸರಿಸಿ ಗಾಳವನ್ನು ಆಳಕ್ಕೆ ಬಿಡುತ್ತಾನೆ. ಬಿಸಿಲೇರಿದ ಮೇಲೆ ಬಂದು ನೆರಳು ನೀರಿನ ಮೇಲೆ ಬೀಳದಂತೆ ಕೂಡುತ್ತಾನೆ. ಚಳಿ ದೇಶಗಳಲ್ಲಿ ಗಾಳಕ್ಕೆ ಹಕ್ಕಿಯ ಪುಕ್ಕ ಕಟ್ಟಿ ಹುಳದ ಹಾಗೆ ಮಾಡಿ ಮೀನು ಹಿಡಿಯುತ್ತಾರೆ. ಅವರೂ ಮೊದಲು ನೋಡುವುದು, ಇವತ್ತು ನೀರಿನ ಮೇಲೆ ಯಾವ ಹುಳ ಎದ್ದದ ಅಂತ. ಮೀನು ಕೆರೆ ಬಿಟ್ಟು ಹೋಗಿಲ್ಲ, ನಿಲ್ಲುವ ಜಾಗ ಬದಲಾಗ್ಯದ. ಆಮೆನ್ ಹೇಳ್ರಿ!

ಈಗ ವಾಕ್ಯಕ್ಕೆ ಬನ್ನಿರಿ. ಲೂಕನು ಗೆನೆಜರೇತ್ ಕೆರೆ ಅನ್ನುತ್ತಾನೆ, ಯೋಹಾನನು ತಿಬೇರಿಯ ಸಮುದ್ರ ಅನ್ನುತ್ತಾನೆ. ಹೆಸರು ಎರಡು, ನೀರು ಒಂದೇ. ಎರಡು ಸಲವೂ ರಾತ್ರಿಯೆಲ್ಲಾ ದುಡಿದು ಬರಿಗೈ. ಮೊದಲನೇ ಸಲ ಕರ್ತನು ಆಳಕ್ಕೆ ಹೋಗಲು ಹೇಳಿದನು. ಎರಡನೇ ಸಲ ಆಳದ ಮಾತೇ ಇಲ್ಲ, ದೋಣಿಯ ಬಲಗಡೆ ಅಂದನು. ಪೇತ್ರನು ಹಳೇ ಮಾತನ್ನೇ ಹಿಡಿದು ಆಳಕ್ಕೇ ಹೋಗಿದ್ದರೆ? ಆ ದಿನದ ಮಾತಿಗೆ ಆ ದಿನ ವಿಧೇಯರಾದರು, 153 ದೊಡ್ಡ ಮೀನು ಬಂದವು. ಮೊದಲನೇ ಸಲ ಬಲೆ ಹರಿಯುವ ಹಾಗಾಯಿತು, ಈ ಸಲ ಹರಿಯಲಿಲ್ಲ. ಹಲ್ಲೆಲೂಯಾ!

ದೇವರ ಮಕ್ಕಳೇ, ನಿಮ್ಮಲ್ಲಿ ಕೆಲವರು ಹೇಳ್ತೀರಿ, "ಪಾಸ್ಟರೇ, ದೀಕ್ಷಾಸ್ನಾನದ ಹೊಸದ್ರಾಗ ಮೊಣಕಾಲೂರಿದರೆ ಸಾಕು, ಕಣ್ಣೀರು ಬರ್ತಿತ್ತು. ಈಗ ಮನೆಯವರು ದುಡಿಯಾಕ ಬೆಂಗಳೂರಿಗೆ ಹೋಗ್ಯಾರ, ಕುಟುಂಬ ಪ್ರಾರ್ಥನೆ ನಿಂತದ, ಬಾಯಾಗ ಮಾತೇ ಬರಲ್ಲ. ದೇವರು ನನ್ನ ಬಿಟ್ಟಾನೇನು?" ಇಲ್ಲ ತಾಯಿ, ಬಿಟ್ಟಿಲ್ಲ. ಅವರ ಮನ್ಯಾಗ ಏನೋ ಪಾಪ ಇರಬೇಕು ಅಂತ ಪಕ್ಕದವರೂ ಅನ್ನಬ್ಯಾಡ್ರಿ. ಅದು ಅವರ ಚಳಿಗಾಲ.

ಹಾಗಾದರೆ ಮಾಡುವುದೇನು? ಒಂದು ತಾಸು ಆಗದಿದ್ದರೆ ಹತ್ತು ನಿಮಿಷ. ಇಬ್ಬರೂ ಒಟ್ಟಿಗೆ ಮೊಣಕಾಲೂರಲು ಆಗದಿದ್ದರೆ ರಾತ್ರಿ ಫೋನಿನಾಗ ಒಂದು ಕೀರ್ತನೆ ಓದಿ ಇಬ್ಬರೂ ಆಮೆನ್ ಅನ್ನಿರಿ. ಕಣ್ಣೀರು ಬರದಿದ್ದರೂ ಬಲೆ ಬೀಸಿರಿ. ಹೋದ ವರ್ಷದ ಅನುಭವವನ್ನು ಹುಡುಕಬೇಡಿರಿ. ಇವತ್ತು ಬಲೆ ಎಲ್ಲಿ ಹಾಕಲಿ ಅಂತ ಆತನನ್ನೇ ಕೇಳಿರಿ. ಅವರು ಗುರುತು ಹಿಡಿಯುವ ಮೊದಲೇ ಆತನು ದಡದ ಮೇಲೆ ನಿಂತಿದ್ದನು. ಕೆಂಡವೂ ರೊಟ್ಟಿಯೂ ಆಗಲೇ ಸಿದ್ಧವಾಗಿದ್ದವು.

ಪ್ರಾರ್ಥಿಸೋಣ. ಕರ್ತನೇ, ಕಾಲ ಬದಲಾದರೂ ಬದಲಾಗದ ದೇವರೇ, ಬರಿಗೈಯಲ್ಲಿ ಕೂತ ನಿನ್ನ ಮಕ್ಕಳಿಗೆ ಇಂದಿನ ಮಾತನ್ನು ಕೊಡು. ದೂರದಲ್ಲಿ ದುಡಿಯುವವರನ್ನು ಕಾಪಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.