ಕುಂಡದ ತಳದ ರಂಧ್ರ



ಅಂಗಳವಿಲ್ಲದ ಮನೆಗಳಲ್ಲಿ ಇಂದು ಕಿಟಕಿಯ ಕಟ್ಟೆಯೇ ಕೈತೋಟ. ಪುದೀನ, ಮೆಂತ್ಯ, ಕೊತ್ತಂಬರಿ ಅಲ್ಲಿಯೇ ಚಿಗುರುತ್ತವೆ. ನನ್ನ ಕೋಣೆಯ ಕಿಟಕಿಯಲ್ಲಿಯೂ ಒಂದು ದೊಡ್ಡಪತ್ರೆಯ ಗಿಡವಿತ್ತು. ಬೆಳಿಗ್ಗೆ, ಸಂಜೆ ತಪ್ಪದೆ ನೀರೆರೆದೆ. ಎಲೆಗಳು ಹಳದಿಯಾದವು, ಬಾಯಾರಿಕೆಯೆಂದು ಬಗೆದು ಮತ್ತಷ್ಟು ಎರೆದೆ. ಒಂದು ದಿನ ಗಿಡವೇ ಕೈಗೆ ಬಂತು. ಬೇರು ಕೊಳೆತುಹೋಗಿತ್ತು.

ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯೇ ಅದರ ಉಸಿರು. ನೀರು ನಿಂತರೆ ಆ ಗಾಳಿಗೆ ಎಡೆಯಿಲ್ಲ. ಕುಂಡದ ತಳದಲ್ಲಿ ರಂಧ್ರವಿರುವುದು ಇದಕ್ಕಾಗಿಯೇ. ಕಟ್ಟೆ ಒದ್ದೆಯಾದೀತೆಂದು ಅದನ್ನು ನಾನೇ ಮುಚ್ಚಿದ್ದೆ. ದೊಡ್ಡಪತ್ರೆಯಾದರೋ ತನ್ನ ದಪ್ಪ ಎಲೆಗಳಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುವ ಗಿಡ.

ಹಾಗಾದರೆ ಪ್ರೀತಿಯಿಂದ ಮಾಡಿದ ಕಾರ್ಯದಲ್ಲಿಯೂ ದೋಷವಿರಬಲ್ಲದೇ? ಉದ್ದೇಶ ಒಳ್ಳೆಯದಿತ್ತೆಂಬ ಮಾತು ನನ್ನನ್ನು ಸಂತೈಸಬಹುದು, ಗಿಡವನ್ನು ಬದುಕಿಸಲಾರದು. ನೆಲದ ಗಿಡ ಬೇರು ಚಾಚಿ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ. ಕುಂಡದ ಗಿಡಕ್ಕೆ ನಾವು ಕೊಟ್ಟಷ್ಟೇ ಲೋಕ. ಆದ್ದರಿಂದ ಅದರ ಸ್ವಭಾವವನ್ನು ಅರಿಯುವುದೂ ಪ್ರೀತಿಯ ಕರ್ತವ್ಯವೇ. ಬೆರಳನ್ನು ಒಂದಂಗುಲ ಮಣ್ಣಿಗಿಳಿಸಿ ನೋಡಬೇಕು. ತೇವವಿದ್ದರೆ ಚೊಂಬನ್ನು ಕೆಳಗಿಡುವ ಸಂಯಮ ಬೇಕು.

ನಮ್ಮ ಆಸರೆಯಲ್ಲಿಯೇ ಬೆಳೆಯುವ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಇವರೂ ನಾವು ಕೊಟ್ಟಷ್ಟೇ ಲೋಕದಲ್ಲಿ ಬಾಳುವವರು. ಅವರಿಗೆ ಬೇಕಾದುದೇನೆಂದು ಕೇಳುವ ಮುನ್ನವೇ ನಾವು ನಮ್ಮ ಅಕ್ಕರೆಯನ್ನು ಸುರಿಯುತ್ತಿಲ್ಲವೇ? ಅವರ ಉಸಿರಿಗೂ ಒಂದಿಷ್ಟು ಎಡೆ ಉಳಿಸಿದ್ದೇವೆಯೇ?

ನಾಳೆ ಗಿಡಕ್ಕೆ ನೀರೆರೆಯುವ ಮುನ್ನ ಮಣ್ಣನ್ನು ಮುಟ್ಟಿ ನೋಡಿ. ಮನೆಯವರಿಗೆ ಬುದ್ಧಿ ಹೇಳುವ ಮುನ್ನ ಅವರ ಮಾತಿಗೆ ಕಿವಿಗೊಡಿ.